ಬೈದವನು ಪಾತ್ರಧಾರಿ, ಬೈಗುಳ ಯಾರದು?

ಅಮೆರಿಕದ ಮಿಸಿಸಿಪಿ ರಾಜ್ಯದ ಸಣ್ಣ ಊರು. ಅಲ್ಲೊಬ್ಬ ಉದ್ಯಮಿಯ ಕೊಲೆಯಾಗಿದೆ. ಅಪರಾತ್ರಿಯಲ್ಲಿ ರೈಲಿಗಾಗಿ ಕಾದು ಕುಳಿತ ಕರಿಯನೊಬ್ಬನನ್ನು ಪೊಲೀಸರು ಹಿಡಿದು ತರುತ್ತಾರೆ. ಅವನು ಮಾಡಿದ ತಪ್ಪು ಎರಡು: ಚರ್ಮ ಕಪ್ಪು, ಪರ್ಸಿನಲ್ಲಿ ದುಡ್ಡು. ವಿಚಾರಿಸಿ ನೋಡಿದರೆ ಆತ ಫಿಲಡೆಲ್ಫಿಯಾದ ಪೊಲೀಸ್ ಅಧಿಕಾರಿ, ಕೊಲೆ ಪ್ರಕರಣಗಳಲ್ಲಿ ಪಳಗಿದವನು!

1967ರ ‘ಇನ್ ದ ಹೀಟ್ ಆಫ್ ದ ನೈಟ್’ ಚಿತ್ರ ಶುರುವಾಗುವುದು ಹೀಗೆ. ನಿರ್ದೇಶಕ ನಾರ್ಮನ್ ಜ್ಯೂಯಿಸನ್. ಅಧಿಕಾರಿ ಟಿಬ್ಸ್ ಪಾತ್ರದಲ್ಲಿ ಸಿಡ್ನಿ ಪ್ವಾಟಿಯೆ. ಊರಿನ ಪೊಲೀಸ್ ಮುಖ್ಯಸ್ಥನೂ ಸೇರಿದಂತೆ ಬಹುಪಾಲು ಬಿಳಿಯರು ಅವನನ್ನು ಹೀಯಾಳಿಸುವವರೇ. ಕೇಳಲಾಗದ ಮಾತುಗಳೂ ಇವೆ. ಇಂಥದ್ದನ್ನು ಮಕ್ಕಳಿಗೆ ತೋರಿಸುವುದೇ ಎಂದು ತಂದೆತಾಯಿ ಹಿಂಜರಿದರೆ ಆಶ್ಚರ್ಯವಿಲ್ಲ.

ಆದರೆ ಯಕ್ಷಗಾನದ ಕೀಚಕ ಎಷ್ಟೇ ಅಬ್ಬರಿಸಿದರೂ ಪ್ರಸಂಗ ಕೀಚಕನ ಪರವಾಗಿದೆ ಎಂದು ಯಾರೂ ಹೇಳುವುದಿಲ್ಲ. ನೋಡಬೇಕಾದದ್ದು ಪಾತ್ರ ಏನು ಆಡಿತು ಎಂಬುದನ್ನಲ್ಲ. ಆಡಿದ ಮೇಲೆ ಚಿತ್ರ ನಮ್ಮನ್ನು ಯಾರ ಪಕ್ಕದಲ್ಲಿ ನಿಲ್ಲಿಸಿತು ಎಂಬುದನ್ನು. ಇದೇ ಚಿತ್ರದಲ್ಲಿ ಹತ್ತಿ ತೋಟದ ಬಿಳಿಯ ಧಣಿ, ತನ್ನನ್ನೇ ಪ್ರಶ್ನಿಸಿದ ಟಿಬ್ಸ್‌ನ ಕೆನ್ನೆಗೆ ಬಾರಿಸುತ್ತಾನೆ. ಮರುಕ್ಷಣವೇ ಟಿಬ್ಸ್ ತಿರುಗಿ ಬಾರಿಸುತ್ತಾನೆ. ಕರಿಯ ಸೇವಕನೊಬ್ಬ ನೋಡುತ್ತ ನಿಂತಿದ್ದಾನೆ. ಅಂದಿನ ಅಮೆರಿಕದ ತೆರೆಯ ಮೇಲೆ ಇದು ಬಲು ಅಪರೂಪದ ಏಟು. ಕಥೆ ದಕ್ಷಿಣದ್ದಾದರೂ ಅಲ್ಲಿಗೆ ಹೋಗಲು ಪ್ವಾಟಿಯೆಗೆ ಮನಸ್ಸಿರಲಿಲ್ಲವಾಗಿ ಚಿತ್ರೀಕರಣ ಬಹುಮಟ್ಟಿಗೆ ಉತ್ತರದ ಇಲಿನಾಯ್ ರಾಜ್ಯದಲ್ಲಿ ನಡೆಯಿತು. ಚಿತ್ರಕ್ಕೆ ಐದು ಆಸ್ಕರ್ ಬಂದವು. ಮುಖ್ಯಸ್ಥನ ಪಾತ್ರ ಮಾಡಿದ ರಾಡ್ ಸ್ಟೈಗರ್ ಶ್ರೇಷ್ಠ ನಟನಾದ. ಪ್ವಾಟಿಯೆಯ ಹೆಸರು ಸ್ಪರ್ಧೆಯ ಪಟ್ಟಿಯಲ್ಲೇ ಇರಲಿಲ್ಲ. ಚಿತ್ರಕ್ಕಿದ್ದ ಕಣ್ಣು ಪ್ರಶಸ್ತಿ ಕೊಡುವವರಿಗೂ ಇರಬೇಕಲ್ಲ!

ಇದಕ್ಕೆ ತದ್ವಿರುದ್ಧವಾದದ್ದು ಡಿ. ಡಬ್ಲ್ಯು. ಗ್ರಿಫಿತ್‌ನ ಮೂಕಿಚಿತ್ರ ‘ದ ಬರ್ತ್ ಆಫ್ ಎ ನೇಷನ್’ (1915). ಸಿನಿಮಾ ಕಲೆಯಲ್ಲಿ ಗ್ರಿಫಿತ್ ಗಟ್ಟಿಗ. ಓಟದ ದೃಶ್ಯಗಳನ್ನು ಒಂದರೊಳಗೊಂದು ಹೆಣೆದು ಉಸಿರು ಬಿಗಿಹಿಡಿಸುವ ಸಂಕಲನವನ್ನು ಇವತ್ತೂ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ಆದರೆ ಆ ಕುದುರೆಗಳ ಮೇಲೆ ‘ರಕ್ಷಕ’ರಾಗಿ ಧಾವಿಸಿ ಬರುವವರು ಬಿಳಿ ನಿಲುವಂಗಿ ತೊಟ್ಟ ಕು ಕ್ಲಕ್ಸ್ ಕ್ಲಾನ್ ಹಂತಕರು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಕರಿಯ ದುಷ್ಟರು. ಕರಿಯರ ಹಕ್ಕುಗಳ ಸಂಘ ಎನ್‌ಎಎಸಿಪಿ ಪ್ರತಿಭಟಿಸಿತು. ಅದೇ ವರ್ಷ, ಹಿಂದೆಯೇ ಅಡಗಿಹೋಗಿದ್ದ ಕ್ಲಾನ್ ಜಾರ್ಜಿಯಾದಲ್ಲಿ ಮತ್ತೆ ಹುಟ್ಟಿತು. ಸದಸ್ಯರನ್ನು ಸೇರಿಸಿಕೊಳ್ಳಲು ಈ ಚಿತ್ರವನ್ನೇ ಮುಂದೆ ಎಷ್ಟೋ ವರ್ಷ ಬಳಸಿಕೊಂಡಿತು.

ಈ ಎರಡರ ವಿಷಯದಲ್ಲಿ ತೀರ್ಪು ಸುಲಭ. ಕಷ್ಟವಿರುವುದು 1939ರ ‘ಗಾನ್ ವಿತ್ ದ ವಿಂಡ್’ನಂಥದ್ದರಲ್ಲಿ. ಕರಿಯರ ಮೇಲೆ ದ್ವೇಷ ಕಾರುವ ಖಳನಾಯಕ ಅಲ್ಲಿಲ್ಲ. ಬಣ್ಣ, ಸಂಗೀತ, ಪ್ರೇಮ ಎಲ್ಲವೂ ಮನಸೆಳೆಯುತ್ತವೆ. ಗುಲಾಮರು ಮಾತ್ರ ಧಣಿಗಳ ಮನೆಯಲ್ಲಿ ಸುಖವಾಗಿ, ನಿಷ್ಠೆಯಿಂದ ಇದ್ದಾರೆ. ತಮ್ಮದೇ ಆದ ಆಸೆ, ಸಿಟ್ಟು ಅವರಿಗೆ ಇದ್ದಂತೆಯೇ ಕಾಣುವುದಿಲ್ಲ. ಚಾಟಿಯೇ ಇಲ್ಲದ ಗುಲಾಮಗಿರಿ! ಬೈಗುಳವನ್ನು ಮಗು ಗುರುತಿಸೀತು, ಈ ಸಿಹಿಯನ್ನು ಗುರುತಿಸುವುದು ದೊಡ್ಡವರಿಗೂ ಕಷ್ಟ.

ಅದರಲ್ಲಿ ಸೇವಕಿಯಾಗಿದ್ದ ಹ್ಯಾಟಿ ಮ್ಯಾಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಕರಿಯ ಕಲಾವಿದೆ. 1940ರ ಫೆಬ್ರವರಿಯ ಆ ಸಮಾರಂಭದಲ್ಲಿ ಆಕೆಯನ್ನು ಚಿತ್ರತಂಡದಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಲಾಗಿತ್ತು.

2020ರ ಜೂನ್‌ನಲ್ಲಿ ಎಚ್‌ಬಿಓ ಮ್ಯಾಕ್ಸ್ ಈ ಚಿತ್ರವನ್ನು ತೆಗೆದುಹಾಕಿದಾಗ ಗದ್ದಲವಾಯಿತು. ಕೆಲವೇ ದಿನಗಳಲ್ಲಿ ಚಿತ್ರ ಮರಳಿ ಬಂತು. ಒಂದು ದೃಶ್ಯವನ್ನೂ ಕತ್ತರಿಸಿರಲಿಲ್ಲ; ಆರಂಭದಲ್ಲಿ ಕರಿಯ ಚಲನಚಿತ್ರ ವಿದ್ವಾಂಸೆ ಜಾಕ್ವೆಲಿನ್ ಸ್ಟೂವರ್ಟ್ ಅವರ ಕೆಲವು ನಿಮಿಷಗಳ ಮಾತು ಮಾತ್ರ ಸೇರಿತ್ತು.