ಹಳ್ಳಿಯ ವಾಟ್ಸಪ್ ಗುಂಪುಗಳಲ್ಲಿ ಸುಳ್ಳು ಖಾತೆಗಳ ಹಾವಳಿ ಮತ್ತು ಹತೋಟಿ ಕ್ರಮಗಳು

ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಹೋಬಳಿಯಲ್ಲಿ ಸೋಯಾ ಅವರೆ ಬೆಳೆಯುವ ಅನುಭವಿ ರೈತರು ಬೀಜವನ್ನು ಪರೀಕ್ಷಿಸದೆ ಬಿತ್ತುವುದಿಲ್ಲ. ಈ ಬೀಜದ ಸಿಪ್ಪೆ ಬಹಳ ತೆಳುವಾದುದು. ಚೀಲವನ್ನು ಎತ್ತಿ ಒಗೆದರೂ ಮೊಳಕೆ ಕೆಡುತ್ತದೆ. ಆದ್ದರಿಂದ 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, 70 ಅಥವಾ ಹೆಚ್ಚು ಕಾಳು ಮೊಳೆತರೆ ಮಾತ್ರ ಬಿತ್ತನೆಗೆ ಯೋಗ್ಯವೆಂದು ತಿಳಿಯಬೇಕು. ಪ್ರಮಾಣಿತ ಬೀಜವಾದರೆ ಚೀಲಕ್ಕೆ ನೀಲಿ ಚೀಟಿ ಇದೆಯೇ ಎಂದೂ ನೋಡಬೇಕು.

ಬೀಜದ ವಿಷಯದಲ್ಲಿ ಇಷ್ಟು ಜಾಗರೂಕರಾದ ರೈತರು ಕೈಯಲ್ಲಿರುವ ಫೋನಿಗೆ ಬಂದ ಸಂದೇಶವನ್ನು ಮಾತ್ರ ಪರೀಕ್ಷೆಯಿಲ್ಲದೆ ನಂಬುತ್ತಾರೆ. ಬೀಜ ಕೆಟ್ಟರೆ ಮರುಬಿತ್ತನೆಗೆ ಅವಕಾಶವುಂಟು. ಆದರೆ ಬೀಜ, ಗೊಬ್ಬರಕ್ಕೆಂದು ಇಟ್ಟ ಹಣವೇ ಬ್ಯಾಂಕಿನಿಂದ ಹೋದರೆ ಬಿತ್ತನೆಯೇ ನಿಲ್ಲುತ್ತದೆ. ಆದ್ದರಿಂದ ಈ ಹೊಸ ಹಾವಳಿಯ ಲಕ್ಷಣಗಳನ್ನೂ ಹತೋಟಿಯನ್ನೂ ತಿಳಿಯುವುದು ಅವಶ್ಯ.

ನಂಬಿಕೆಯೇ ದಾರಿ

ಊರಿನ ಗುಂಪು, ಹಾಲಿನ ಸಂಘದ ಗುಂಪು, ರೈತ ಉತ್ಪಾದಕರ ಗುಂಪು ಹೀಗೆ ಒಬ್ಬ ರೈತ ಇಂದು ಹಲವು ವಾಟ್ಸಪ್ ಗುಂಪುಗಳಲ್ಲಿ ಇರುತ್ತಾನೆ. ಮಳೆಯ ಸುದ್ದಿ, ಪೇಟೆಯ ಧಾರಣೆ, ತೊಗರಿಯ ಕಾಯಿಕೊರಕದ ಚಿತ್ರ ಎಲ್ಲವೂ ಅಲ್ಲಿ ಬರುತ್ತವೆ. ಇದರಿಂದ ಲಾಭವಿದೆ. ಆದರೆ ಗುಂಪಿನಲ್ಲಿ ಬಂದ ಮಾತಿಗೆ ಊರಿನವರ ಮಾತಿನ ತೂಕ ಬರುತ್ತದೆ. ಮೋಸಗಾರನಿಗೆ ಬೇಕಾದದ್ದು ಇದೇ ತೂಕ.

ನಮ್ಮ ಗಡಿ ಭಾಗದಲ್ಲಿ ಇನ್ನೊಂದು ಕಾರಣವೂ ಇದೆ. ಇಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು, ಹಿಂದಿ ನಡೆಯುತ್ತವೆ. ಲಾತೂರು, ಉಮರ್ಗಾ, ಜಹೀರಾಬಾದ್ ಕಡೆಯ ವ್ಯಾಪಾರಿಗಳೊಡನೆ ವ್ಯವಹಾರ ಇರುತ್ತದೆ. ಆದ್ದರಿಂದ ಪರವೂರಿನ ನಂಬರಿನಿಂದ ಹಿಂದಿಯಲ್ಲಿ ಕರೆ ಬಂದರೂ ಯಾರಿಗೂ ಸಂಶಯ ಬರುವುದಿಲ್ಲ.

ಹಾವಳಿಯ ಬಗೆಗಳು

1. ಪರಿಚಿತರ ಹೆಸರಿನ ಸುಳ್ಳು ಖಾತೆ: ಊರಿನ ಶಿಕ್ಷಕರ ಅಥವಾ ಅಧಿಕಾರಿಯ ಭಾವಚಿತ್ರ ಹಾಕಿ ಹೊಸ ಖಾತೆ ತೆರೆಯುತ್ತಾರೆ. "ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಹಾಕಿ" ಎಂದು ಬರೆಯುತ್ತಾರೆ. ಚಿತ್ರ ಪರಿಚಿತರದು, ನಂಬರು ಮಾತ್ರ ಬೇರೆ.

2. ನಿಜವಾದ ಖಾತೆಯ ಅಪಹರಣ: ಮೋಸಗಾರ ತನ್ನ ಫೋನಿನಲ್ಲಿ ನಿಮ್ಮ ನಂಬರು ಹಾಕಿ ವಾಟ್ಸಪ್ ತೆರೆಯಲು ಯತ್ನಿಸುತ್ತಾನೆ. ಆಗ ನಿಮ್ಮ ಫೋನಿಗೆ 6 ಅಂಕಿಗಳ ಸಂಕೇತ ಬರುತ್ತದೆ. "ತಪ್ಪಿ ನಿಮಗೆ ಬಂದಿದೆ, ಕಳಿಸಿರಿ" ಎಂದು ಕೇಳುತ್ತಾನೆ. ಕಳಿಸಿದೊಡನೆ ಖಾತೆ ಅವನದಾಗುತ್ತದೆ. ಮುಂದೆ ನಿಮ್ಮ ಹೆಸರಿನಲ್ಲಿ, ನಿಮ್ಮದೇ ನಂಬರಿನಿಂದ, ನಿಮ್ಮ ನೆಂಟರಿಗೆ ಬಲೆ ಬೀಸುತ್ತಾನೆ.

3. ಯೋಜನೆಯ ಹೆಸರಿನ ಫೈಲು: 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ರೈತರ ಖಾತೆಗೆ ಬರುತ್ತದೆ. "ನಿಮ್ಮ ಕಂತು ನಿಂತಿದೆ, ಈ ಫೈಲು ತೆರೆಯಿರಿ" ಎಂಬ ಸಂದೇಶಗಳು ಈ ಯೋಜನೆಯ ಹೆಸರಿನಲ್ಲಿ ಹರಡಿವೆ. ಫೈಲಿನ ಹೆಸರಿನ ಕೊನೆಗೆ ಇಂಗ್ಲಿಷಿನ ಎ, ಪಿ, ಕೆ ಎಂಬ ಮೂರು ಅಕ್ಷರಗಳಿರುತ್ತವೆ. ಅದು ಅರ್ಜಿಯ ಫಾರಂ ಅಲ್ಲ, ಫೋನಿನೊಳಗೆ ಸೇರುವ ಒಂದು ಆ್ಯಪ್. ಅದು ಕೇಳಿದ ಅನುಮತಿ ಕೊಟ್ಟರೆ ಬ್ಯಾಂಕಿನಿಂದ ಬರುವ ಒಟಿಪಿಯನ್ನು ತಾನೇ ಓದಿ ಮೋಸಗಾರನಿಗೆ ಮುಟ್ಟಿಸುತ್ತದೆ. ಮದುವೆಯ ಕರೆಯೋಲೆಯ ಹೆಸರಿನಲ್ಲಿಯೂ ಇಂಥ ಫೈಲುಗಳು ಬಂದಿವೆ.

4. ಕೊಳ್ಳುವ, ಮಾರುವ ಮೋಸ: ಹಳೆಯ ಟ್ರ್ಯಾಕ್ಟರ್ ಅಥವಾ ಎಮ್ಮೆಯ ಚಿತ್ರ ಹಾಕಿ ಕಡಿಮೆ ಬೆಲೆ ಹೇಳಿ ಮುಂಗಡ ಕೇಳುತ್ತಾರೆ. ಅಥವಾ ನಿಮ್ಮ ಮಾಲು ಕೊಳ್ಳುವೆವೆಂದು ಹೇಳಿ, "ಹಣ ಬರಲು ಈ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ" ಎನ್ನುತ್ತಾರೆ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ.

ನನ್ನಿಂದಾದ ತಪ್ಪು

ರೈತರಷ್ಟೇ ಮೋಸಹೋಗುತ್ತಾರೆಂದು ಯಾರೂ ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ಸೌರ ಪಂಪ್‌ಸೆಟ್ಟಿನ ಕುಸುಮ್ ಯೋಜನೆಗೆ ನೋಂದಣಿ ಆರಂಭವಾಗಿದೆ ಎಂಬ ಸಂದೇಶ ಪರಿಚಿತರೊಬ್ಬರಿಂದ ನನಗೆ ಬಂತು. ರೈತರಿಗೆ ಉಪಯೋಗವಾಗಲೆಂದು ಪೂರ್ತಿ ಓದದೆ ಗುಂಪಿಗೆ ದಾಟಿಸಿದೆ. ಮೂರನೆಯ ದಿನ ಮುಡಬಿ ಕಡೆಯ ಹಿರಿಯ ರೈತರೊಬ್ಬರು ಫೋನ್ ಮಾಡಿ, "ಸರ್, ನೀವು ಕಳ್ಸೀರಂತ ರೊಕ್ಕ ಕಟ್ಟೀನ್ರಿ. ಪಂಪ್ ಯಾವಾಗ ಬರ್ತದ್ರಿ?" ಎಂದು ಕೇಳಿದರು.

ಅವರು ತಾಣದ ಹೆಸರನ್ನು ಓದಿರಲಿಲ್ಲ. ನನ್ನ ಹೆಸರನ್ನು ನೋಡಿ ಎರಡು ಚೀಲ ಡಿಎಪಿ ಕೊಳ್ಳುವಷ್ಟು ಹಣ ಕಟ್ಟಿದ್ದರು. ಇಬ್ಬರೂ ಬ್ಯಾಂಕಿಗೆ ಹೋದೆವು. ಹಣ ಆಗಲೇ ಕೈ ದಾಟಿತ್ತು, ಹಿಂದಿರುಗಲಿಲ್ಲ. ಈ ಯೋಜನೆಯಲ್ಲಿ ರೈತರು ತಮ್ಮ ಪಾಲಿನ ಹಣ ಕಟ್ಟಬೇಕಾದುದು ನಿಜವಾದ್ದರಿಂದ ಶುಲ್ಕ ಕೇಳಿದಾಗ ಅವರಿಗೆ ಅನುಮಾನ ಬರಲಿಲ್ಲ. ಕುಸುಮ್ ಹೆಸರಿನ ನಕಲಿ ತಾಣಗಳ ಬಗ್ಗೆ ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಮೇಲಿಂದ ಮೇಲೆ ಎಚ್ಚರಿಕೆ ಪ್ರಕಟಿಸಿದುದನ್ನು ನಾನು ಆ ಮೇಲೆ ಓದಿದೆ. ಮೊದಲೇ ಓದಬೇಕಿತ್ತು.

ಹತೋಟಿ ಕ್ರಮಗಳು

1. ಹಣ ಕೇಳಿದ ಸಂದೇಶ ಯಾರದೇ ಇರಲಿ, ಮೊದಲಿನಿಂದ ನಿಮ್ಮಲ್ಲಿರುವ ಅವರ ನಂಬರಿಗೆ ಫೋನ್ ಮಾಡಿ ದನಿ ಕೇಳಿರಿ. ಸಂದೇಶದಲ್ಲಿ ಕೊಟ್ಟ ನಂಬರಿಗೆ ಮಾಡಬೇಡಿರಿ. ದನಿಯ ಬಗ್ಗೆಯೂ ಅನುಮಾನ ಬಂದರೆ ಮನೆಯವರಿಗೆ ಮಾತ್ರ ಗೊತ್ತಿರುವ ಸಂಗತಿಯೊಂದನ್ನು ಕೇಳಿರಿ.

2. 6 ಅಂಕಿಗಳ ಸಂಕೇತ, ಒಟಿಪಿ, ಪಿನ್ ಇವನ್ನು ಯಾರಿಗೂ ಹೇಳಬಾರದು. ಹಣ ಪಡೆಯಲು ಪಿನ್ ಬೇಕಿಲ್ಲ ಎಂಬುದನ್ನು ಮನೆಯ ಎಲ್ಲರಿಗೂ ತಿಳಿಸಿರಿ.

3. ವಾಟ್ಸಪ್ಪಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಎಂಬಲ್ಲಿ 'ಟು ಸ್ಟೆಪ್ ವೆರಿಫಿಕೇಶನ್' ಇದೆ. ಅಲ್ಲಿ ನಿಮ್ಮದೇ 6 ಅಂಕಿಗಳ ಪಿನ್ ಇಟ್ಟುಕೊಳ್ಳಿರಿ. ಇದು ಹೊಲಕ್ಕೆ ಹಾಕಿದ ಎರಡನೆಯ ಬೇಲಿಯಿದ್ದಂತೆ.

4. ಗುಂಪಿನಲ್ಲಿ ಬಂದ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿರಿ. ಬೇಕಾದ ಆ್ಯಪನ್ನು ಪ್ಲೇ ಸ್ಟೋರಿನಿಂದಲೇ ಪಡೆಯಿರಿ.

5. ಕೇಂದ್ರ, ರಾಜ್ಯ ಸರ್ಕಾರಗಳ ತಾಣಗಳ ವಿಳಾಸ ಸಾಮಾನ್ಯವಾಗಿ 'ಗವ್ ಡಾಟ್ ಇನ್' ಎಂದು ಮುಗಿಯುತ್ತದೆ. ವಿಳಾಸದ ನಡುವೆ ಕಿಸಾನ್, ಕುಸುಮ್, ಯೋಜನಾ ಎಂಬ ಮಾತಿದ್ದರೆ ಸಾಲದು. ಸಹಾಯಧನದ ಯಾವುದೇ ಸುದ್ದಿಯನ್ನು ಅರ್ಜಿಗೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

6. ಟ್ರ್ಯಾಕ್ಟರನ್ನಾಗಲಿ ದನವನ್ನಾಗಲಿ ಕಣ್ಣಾರೆ ನೋಡದೆ ಮುಂಗಡ ಕೊಡಬಾರದು. ಬಸವಕಲ್ಯಾಣದ ಪೇಟೆಯಲ್ಲಿ ಹಲ್ಲು ನೋಡಿಯೇ ಎತ್ತು ಕೊಳ್ಳುವ ನಾವು ಚಿತ್ರ ನೋಡಿ ಕೊಳ್ಳುವುದು ತರವಲ್ಲ.

ಮೋಸವಾದ ಮೇಲೆ

ಮಾನ ಹೋಗುವುದೆಂದು ಸುಮ್ಮನಿರಬೇಡಿರಿ. ಒಡ್ಡು ಒಡೆದಾಗ ಮೊದಲ ಗಳಿಗೆಯಲ್ಲಿ ಮಣ್ಣು ಹಾಕಿದರೆ ನೀರು ನಿಲ್ಲುತ್ತದೆ. ಹಣವೂ ಹಾಗೆಯೇ. ಮೋಸಗಾರರು ಅದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗಿಸುತ್ತಾರೆ. ಅದು ಯಾವುದಾದರೊಂದು ಖಾತೆಯಲ್ಲಿ ಇರುವಾಗಲೇ ದೂರು ಮುಟ್ಟಿದರೆ ಬ್ಯಾಂಕು ತಡೆಹಿಡಿಯಬಹುದು. ಆದ್ದರಿಂದ ತಕ್ಷಣ 1930ಕ್ಕೆ ಕರೆ ಮಾಡಿರಿ. ಇದು ಇಡೀ ದೇಶಕ್ಕೆ ಒಂದೇ ನಂಬರು. ನಿಮ್ಮ ಬ್ಯಾಂಕಿಗೂ ತಿಳಿಸಿರಿ. ಸಂದೇಶ, ನಂಬರು, ಹಣ ಹೋದ ರಸೀದಿ ಯಾವುದನ್ನೂ ಅಳಿಸಬೇಡಿರಿ. ಬಳಿಕ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ದೂರು ಕೊಡಿರಿ. ಬೇರೆಯವರ ಹೆಸರು ಧರಿಸಿ ಕಂಪ್ಯೂಟರ್ ಅಥವಾ ಫೋನಿನ ಮೂಲಕ ವಂಚಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧ.

ವಾಟ್ಸಪ್ ಖಾತೆ ಅಪಹರಣವಾಗಿದ್ದರೆ ನಿಮ್ಮ ಫೋನಿನಲ್ಲಿ ಅದೇ ನಂಬರಿನಿಂದ ಮತ್ತೆ ನೋಂದಾಯಿಸಿರಿ. ಹೊಸ ಸಂಕೇತ ಹಾಕಿದೊಡನೆ ಮೋಸಗಾರ ಹೊರಬೀಳುತ್ತಾನೆ. ಅದೇ ಹೊತ್ತಿಗೆ ಗುಂಪಿನ ಎಲ್ಲರಿಗೂ ಇನ್ನೊಬ್ಬರ ಮೂಲಕ ಸುದ್ದಿ ಮುಟ್ಟಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಗುಂಪು ನಡೆಸುವವರ ಜವಾಬ್ದಾರಿ ಹೆಚ್ಚಿನದು. ಹೊಸ ಸದಸ್ಯರನ್ನು ವಿಚಾರಿಸಿಯೇ ಸೇರಿಸಿರಿ. ಮಾಹಿತಿಯ ಗುಂಪಾದರೆ ನಿರ್ವಾಹಕರು ಮಾತ್ರ ಸಂದೇಶ ಹಾಕುವಂತೆ ಇಡಬಹುದು. ಯೋಜನೆಯ ಸುದ್ದಿ ಹಾಕುವಾಗ ಆದೇಶ ಯಾವ ಇಲಾಖೆಯದು, ಯಾವ ದಿನಾಂಕದ್ದು, ಯಾವ ಕಚೇರಿಯಲ್ಲಿ ವಿಚಾರಿಸಬೇಕು ಎಂಬ ಮೂರನ್ನೂ ಬರೆಯಿರಿ. ಈ ಮೂರು ಗೊತ್ತಿಲ್ಲದ ಸಂದೇಶವನ್ನು ದಾಟಿಸಬೇಡಿರಿ. ತಪ್ಪಾದರೆ ಅದೇ ಗುಂಪಿನಲ್ಲಿ ಒಪ್ಪಿಕೊಳ್ಳಿರಿ. ನಾನು ಹಾಗೆ ಮಾಡಿದಾಗ, ಇನ್ನಿಬ್ಬರು ರೈತರು ಹಣ ಕಟ್ಟುವುದನ್ನು ನಿಲ್ಲಿಸಿದರು.

ಗೋಣಿತಟ್ಟಿನಲ್ಲಿ ಬೀಜ ಮೊಳೆಯಲು ಕೆಲವು ದಿನ ಕಾಯುತ್ತೇವೆ. ಒಂದು ಫೋನ್ ಮಾಡಿ ಕೇಳಲು ಎರಡು ನಿಮಿಷ ಸಾಕು. ರೈತ ಬಾಂಧವರು ಈ ಎರಡು ನಿಮಿಷದ ಪರೀಕ್ಷೆಯನ್ನು ರೂಢಿ ಮಾಡಿಕೊಂಡು, ಓದು ಬಾರದ ನೆರೆಹೊರೆಯವರಿಗೂ ಈ ವಿಷಯ ತಿಳಿಸಬೇಕಾಗಿ ವಿನಂತಿ.