ಪಟ್ಟಿಯಲ್ಲಿ ಅವಳೊಬ್ಬಳೇ ಇದ್ದರೆ?

ಮಲ್ಲತ್ತಹಳ್ಳಿ ಕೆರೆಯ ಸುತ್ತ ವಾಕಿಂಗ್ ಬರುವ ಆಂಟಿಯರ ಪಾಲಿಗೆ ನಾನು 'ಕೆಲಸ ಕೊಡಿಸೋ ಹುಡುಗಿ'. 'ನಮ್ಮ ಮಗಂದೂ ಬಿಇ ಮುಗೀತು, ಎಲ್ಲಾದ್ರೂ ಸೇರಿಸಮ್ಮ' ಎನ್ನುತ್ತಾರೆ. ನಾವು ಹುಡುಕುವುದು ಸಿಇಒ, ಸಿಎಫ್‌ಒ, ನಿರ್ದೇಶಕರಂಥವರನ್ನು, ಅವರು ಅರ್ಜಿಯನ್ನೇ ಹಾಕಿರುವುದಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರದ್ದು ಒಂದು ಸುತ್ತು ಮುಗಿದಿರುತ್ತದೆ.

ಇದಕ್ಕೆ ಎಕ್ಸಿಕ್ಯುಟಿವ್ ಸರ್ಚ್ ಅಂತ ಹೆಸರು. ಕಂಪನಿ ಹುದ್ದೆಯ ವಿವರ ಕೊಡುತ್ತದೆ. ಆ ಉದ್ಯಮದಲ್ಲಿ ಯಾರು ಎಲ್ಲಿದ್ದಾರೆ ಎಂದು ಪತ್ತೆ ಹಚ್ಚಿ ಉದ್ದನೆಯ ಪಟ್ಟಿ ಮಾಡುವುದು ನನ್ನ ಕೆಲಸ. ಆಮೇಲೆ ಫೋನು, ಭೇಟಿ, ಹಳೆಯ ಸಹೋದ್ಯೋಗಿಗಳ ಹತ್ತಿರ ವಿಚಾರಣೆ. ಕೊನೆಗೆ ಉಳಿಯುವುದು ನಾಲ್ಕೈದು ಹೆಸರು. ಕೆಲಸದಲ್ಲಿರುವವರು ತಮ್ಮ ಆಫೀಸಿನಲ್ಲಿ ಕೂತು ಇಂಥದ್ದೆಲ್ಲ ಮಾತಾಡಲಾರರು. ಹಾಗಾಗಿ ನನ್ನ ಅರ್ಧ ವೃತ್ತಿಜೀವನ ರಾತ್ರಿ ಎಂಟರ ಮೇಲೆ, ನಮ್ಮ ಮನೆಯ ಟೆರೇಸಿನ ಮೇಲೆ ನಡೆಯುತ್ತದೆ!

ನಮ್ಮ ತಂಡ ಹೆಚ್ಚಾಗಿ ನೋಡುವುದು ವೈವಿಧ್ಯದ ನೇಮಕಾತಿ, ಅಂದರೆ ಮೇಲಿನ ಕುರ್ಚಿಗಳಿಗೆ ಮಹಿಳೆಯರನ್ನು, ಅಂಗವಿಕಲರನ್ನು ಹುಡುಕುವುದು. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ಸುಧಾ ಮೂರ್ತಿಯವರು, ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೊ ಜಾಹೀರಾತು ನೋಡಿ ಜೆಆರ್‌ಡಿ ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದದ್ದು ನಮಗೆಲ್ಲ ಗೊತ್ತು. ಈಗ ಹಾಗೆ ಯಾರೂ ಅಚ್ಚು ಹಾಕಿಸುವುದಿಲ್ಲ. 2013ರ ಕಂಪನಿ ಕಾಯ್ದೆಯೇ ಷೇರುಪೇಟೆಯ ಕಂಪನಿಗಳ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಎಂದಿತು. ಕೆಲವರು ಮನೆಯವರನ್ನೇ ತಂದು ಕೂರಿಸಿದರು. ಆಮೇಲೆ ಸೆಬಿ, ಅಗ್ರ 1000 ಕಂಪನಿಗಳಿಗೆ 2020ರ ಏಪ್ರಿಲ್‌ನಿಂದ 'ಸ್ವತಂತ್ರ' ಮಹಿಳಾ ನಿರ್ದೇಶಕಿ ಕಡ್ಡಾಯ ಎಂದಿತು.

ಮಂಡಳಿಗೇನೋ ಕಾನೂನಿದೆ. ಫ್ಯಾಕ್ಟರಿ ಮುಖ್ಯಸ್ಥರ ಹುದ್ದೆಗೆ ಅಂಥದ್ದೇನೂ ಇಲ್ಲ. 'ಪಟ್ಟಿಯಲ್ಲಿ ಒಬ್ಬ ಲೇಡಿ ಕ್ಯಾಂಡಿಡೇಟ್ ಇರ್ಲಿ' ಎನ್ನುತ್ತಾರೆ. ಆ 'ಒಬ್ಬ' ಎಂಬುದರಲ್ಲೇ ಇದೆ ತೊಂದರೆ. ನಾಲ್ವರ ಅಂತಿಮ ಪಟ್ಟಿಯಲ್ಲಿ ಒಬ್ಬಳೇ ಮಹಿಳೆ ಇದ್ದರೆ ಅವಳು ಆಯ್ಕೆಯಾಗುವ ಸಾಧ್ಯತೆ ಹೆಚ್ಚೂಕಡಿಮೆ ಸೊನ್ನೆ ಎಂದು ಅಮೆರಿಕದ ಸಂಶೋಧಕರು 2016ರಲ್ಲಿ ಬರೆದಿದ್ದರು. ಇಬ್ಬರಿದ್ದರೆ ಲೆಕ್ಕವೇ ಬದಲಾಗುತ್ತದಂತೆ. ಒಬ್ಬಳೇ ಇದ್ದಾಗ ಎಲ್ಲರಿಗೂ ಮೊದಲು ಕಾಣುವುದು ಅವಳು ಹೆಂಗಸು ಎಂಬುದೇ ಇರಬೇಕು.

ಹಾಗಾಗಿ ನಮ್ಮ ಮೇಡಂ ಇಬ್ಬರಿಗಿಂತ ಕಡಿಮೆ ಕಳಿಸುವುದೇ ಇಲ್ಲ. ಕಳೆದ ವರ್ಷ ಒಂದು ಕಾರ್ಖಾನೆಯ ಮುಖ್ಯಸ್ಥ ಹುದ್ದೆಗೆ ಇಬ್ಬರು ಗಂಡಸರು, ಇಬ್ಬರು ಹೆಂಗಸರನ್ನು ಕಳಿಸಿದೆವು. ಅವರಲ್ಲೊಬ್ಬರು ಹಾಸನ ಕಡೆಯವರು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಇಪ್ಪತ್ತು ವರ್ಷ ಶಾಪ್‌ಫ್ಲೋರ್‌ನಲ್ಲೇ ದುಡಿದವರು. ಸಂದರ್ಶನದಲ್ಲಿ ಅವರಿಗೆ ಬಂದ ಪ್ರಶ್ನೆ: 'ಮಗಳು ಪಿಯುಸಿ ಅಂತೀರಿ, ಮನೇಲಿ ಯಾರು ನೋಡ್ಕೋತಾರೆ?' ಪಿಯುಸಿ ಓದುವ ಮಗನಿದ್ದ ಗಂಡಸೂ ಅದೇ ಪಟ್ಟಿಯಲ್ಲಿದ್ದರು, ಅವರನ್ನು ಯಾರೂ ಕೇಳಲಿಲ್ಲ. ಕೊನೆಗೆ ಬಂದ ಟಿಪ್ಪಣಿ, 'ಕಲ್ಚರ್ ಫಿಟ್ ಅನಿಸಲಿಲ್ಲ'. ನನ್ನ ಪ್ರಕಾರ ಈ ವೃತ್ತಿಯ ಅತಿ ಸೋಮಾರಿ ಪದ ಇದೇ.

ಎಲ್ಲರಿಗೂ ಕೇಳಿದ ಪ್ರಶ್ನೆಗಳನ್ನು ಕಳಿಸಿಕೊಡಿ ಎಂದು ಮೇಡಂ ಮೇಲ್ ಹಾಕಿದರು. ಶುಲ್ಕ ಬಾಕಿ ಇರುವಾಗ ಗಿರಾಕಿಗೆ ಹೀಗೆ ಬರೆಯುವುದು ಸುಲಭವಲ್ಲ. ಒಂಬತ್ತು ದಿನ ಉತ್ತರವಿಲ್ಲ. ಆಮೇಲೆ ನಾಲ್ವರಿಗೂ ಒಂದೇ ಪ್ರಶ್ನೆಪಟ್ಟಿ ಇಟ್ಟುಕೊಂಡು ಮತ್ತೊಂದು ಸುತ್ತು ನಡೆಯಿತು. ಹಾಸನದವರಿಗೆ ಕೆಲಸ ಸಿಗಲಿಲ್ಲ. ಪಟ್ಟಿಯಲ್ಲಿದ್ದ ಇನ್ನೊಬ್ಬ ಮಹಿಳೆಗೆ ಸಿಕ್ಕಿತು. ವಿಷಯ ತಿಳಿಸಿದಾಗ ಹಾಸನದವರು ಒಂದು ನಿಮಿಷ ಸುಮ್ಮನಿದ್ದು, 'ಆ ಪ್ರಶ್ನೆ ಅವರಿಗೆ ಕೇಳಲಿಲ್ಲ ತಾನೇ?' ಎಂದರು.