ತುಂಬಿದ ತೋಫುವಿನ ಒಡಲ ಶಾಖ

ಕೌಲಾಲಂಪುರದ ಮಗ್ಗುಲಿನ ಅಂಪಾಂಗ್ ಎಂಬಲ್ಲಿಯೂ ಸಿಂಗಾಪುರದ ತಿಂಡಿಯಂಗಡಿಗಳ ಸಾಲುಗಳಲ್ಲಿಯೂ ‘ಯೋಂಗ್ ತಾವ್ ಫೂ’ ಎಂಬ ತಿನಿಸು ದೊರೆಯುತ್ತದೆ. ಯೋಂಗ್ ಎಂದರೆ ತುಂಬುವುದು; ತಾವ್ ಫೂ ಎಂದರೆ ತೋಫು, ಸೋಯಾ ಅವರೆಯ ಹಾಲನ್ನು ಜಿಪ್ಸಂ ಮುಂತಾದ ಲವಣದಿಂದ ಒಡೆಸಿ ಹಿಂಡಿದ ಬಿಳಿಯ ಗಡ್ಡೆ. ಇದು ಹಕ್ಕ ಜನರ ಅಡಿಗೆ. ಹಕ್ಕ ಎಂಬ ಹೆಸರಿಗೆ ‘ಅತಿಥಿ ಕುಟುಂಬಗಳು’ ಎಂದರ್ಥ. ಚೀನದ ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದ ಈ ಜನರಿಗೆ ಅಲ್ಲಿ ಗೋಧಿ ಹಿಟ್ಟು ಸಾಕಷ್ಟು ಸಿಕ್ಕದೆ, ಕಡುಬಿನೊಳಗಿಡುತ್ತಿದ್ದ ಹೂರಣವನ್ನು ತೋಫುವಿನೊಳಗೆ ಇಟ್ಟರೆಂದು ಐತಿಹ್ಯವುಂಟು. ಕಥೆ ನಿಜವಿರಲಿ, ಇಲ್ಲದಿರಲಿ, ಸೊಗಸಾಗಿದೆ. ತಾಯ್ನಾಡಿನಲ್ಲಿ ಹೂರಣ ಹೆಚ್ಚಾಗಿ ಹಂದಿಯ ಮಾಂಸದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ತವರದ ಗಣಿಗಳ ಕೆಲಸಕ್ಕೆಂದು ಹಲವು ಹಕ್ಕರು ಹೋಗಿ ನೆಲಸಿದ ಮಲಯದಲ್ಲಿ ಅರೆದ ಮೀನು ಅದರ ಸ್ಥಾನವನ್ನು ಹಿಡಿಯಿತು. ತೋಫುವಿನ ಜೊತೆಗೆ ಬೆಂಡೆ, ಬದನೆ, ಹಾಗಲ, ಮೆಣಸಿನಕಾಯಿಗಳೂ ಹೂರಣ ತುಂಬಿಸಿಕೊಂಡು ಸಾಲಿಗೆ ಸೇರಿದುವು.

ಅಂಗಡಿಯ ಪದ್ಧತಿ ಸರಳವಾದುದು. ತಟ್ಟೆಗಳಲ್ಲಿ ಜೋಡಿಸಿಟ್ಟ ತುಂಡುಗಳನ್ನು ಗಿರಾಕಿ ತಾನೇ ಇಕ್ಕಳದಿಂದ ಆರಿಸಿ ಬಟ್ಟಲಿಗೆ ಹಾಕಿ ಕೊಡುತ್ತಾನೆ, ತುಂಡಿಗಿಷ್ಟೆಂದು ಬೆಲೆ. ವ್ಯಾಪಾರಿ ಅವನ್ನು ಕುದಿಯುವ ಸಾರಿನಲ್ಲಿ ಅದ್ದಿ ಬೇಯಿಸುತ್ತಾನೆ. ಹಸಿದು ಬಂದವನಿಗೆ ಸಿಡುಕು ಹುಟ್ಟುವುದು ಇಲ್ಲಿಯೇ. ಸೊಪ್ಪು ಬೆಂದಾಯಿತು, ಬೆಂಡೆ ಬೆಂದಾಯಿತು, ತೋಫು ಮಾತ್ರ ಇನ್ನೂ ಪಾತ್ರೆಯಲ್ಲಿಯೇ! ಬಟ್ಟಲು ಕೈಗೆ ಬಂದ ಮೇಲೆ, ಇಷ್ಟು ಹೊತ್ತು ಕಾಯಿಸಿದ ಅದೇ ತೋಫು ನಾಲಗೆಯನ್ನು ಸುಡುತ್ತದೆ. ಬೇಯುವುದಕ್ಕೂ ತಡ, ಆರುವುದಕ್ಕೂ ತಡ. ಈ ಎರಡಕ್ಕೂ ಕಾರಣ ಒಂದೇ ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ತೋಫುವಿನ ತೂಕದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿ ಇರುವುದು ನೀರು. ಹಾಗಾದರೆ ಪಾತ್ರೆಯ ನೀರು ಬೇಗ ಕಾಯುವಂತೆ ತೋಫುವಿನ ನೀರು ಏಕೆ ಕಾಯದು? ಪಾತ್ರೆಯಲ್ಲಿ ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ನೀರು ತಾನೇ ಚಲಿಸಿ ಶಾಖವನ್ನು ಹೊತ್ತೊಯ್ಯುವುದು. ತೋಫುವಿನಲ್ಲಾದರೋ ನೀರು ಸಸಾರಜನಕದ ನವುರಾದ ಬಲೆಯಲ್ಲಿ ಸೆರೆಯಾಗಿದೆ. ಅದು ಕದಲಲಾರದು. ಶಾಖವು ಕಣದಿಂದ ಕಣಕ್ಕೆ ಕೈಬದಲಾಗುತ್ತ ವಹನ ಕ್ರಮದಿಂದಲೇ ಒಳಗೆ ಸಾಗಬೇಕು. ನೀರು ಉತ್ತಮ ಉಷ್ಣವಾಹಕವಲ್ಲ; ಮೇಲಾಗಿ ಅದನ್ನು ಕಾಯಿಸಲು ಬೇಕಾಗುವ ಶಾಖವೂ ಅಧಿಕ.

ವಹನಕ್ಕೆ ಹಿಡಿಯುವ ಕಾಲವು ದೂರಕ್ಕೆ ಸಮನಾಗಿ ಬೆಳೆಯುವುದಿಲ್ಲ, ದೂರದ ವರ್ಗಕ್ಕೆ ಸಮನಾಗಿ ಬೆಳೆಯುತ್ತದೆ. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿ. ಪ್ರತಿ ಬದಿಗೆ 3 ಸೆಂಟಿಮೀಟರ್ ಇರುವ ಘನಾಕಾರದ ತುಂಡೊಂದನ್ನು 30 ಡಿಗ್ರಿ ಸೆಂಟಿಗ್ರೇಡಿನಿಂದ 100 ಡಿಗ್ರಿಯ ಕುದಿನೀರಿಗೆ ಬಿಟ್ಟರೆ, ಅದರ ನಡುವು 75 ಡಿಗ್ರಿಯನ್ನು ಮುಟ್ಟಲು ಲೆಕ್ಕದ ಮೇರೆಗೆ ಸುಮಾರು 6 ನಿಮಿಷ ಬೇಕು. ಬದಿ ಒಂದೂವರೆ ಸೆಂಟಿಮೀಟರ್ ಆದರೆ ಒಂದೂವರೆ ನಿಮಿಷ ಸಾಕು. ಕೆಲವು ಅಂಗಡಿಗಳಲ್ಲಿ ತುಂಡುಗಳನ್ನು ಬೇಯಿಸುವ ಮುನ್ನವೇ ಕತ್ತರಿಸುವುದುಂಟು. ಮೇಲಿನ ದೊಡ್ಡ ತುಂಡಿಗೆ ನಡುವೆ ಒಂದೇ ಒಂದು ಸೀಳು ಕೊಟ್ಟರೂ ಕಾಲವು ಅರ್ಧಕ್ಕಿಳಿಯುವುದು. ಉರಿಯನ್ನು ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ. ಕುದಿಯುವ ನೀರು ಎಷ್ಟೇ ರಭಸದಿಂದ ಕುದಿದರೂ ಅದರ ಉಷ್ಣತೆ ಏರದು.

ಜನ ಮುತ್ತಿದ ಹೊತ್ತಿನಲ್ಲಿ ಇನ್ನೊಂದು ತೊಡಕು. 5 ಲೀಟರು ಕುದಿನೀರಿಗೆ ಶೀತಕದಿಂದ ತೆಗೆದ 5 ಡಿಗ್ರಿಯ ತುಂಡುಗಳನ್ನು ಒಂದು ಕಿಲೊಗ್ರಾಂ ಸುರಿದರೆಂದುಕೊಳ್ಳೋಣ. ಒಲೆಯ ನೆರವಿಲ್ಲದಿದ್ದರೆ ಎರಡೂ ಬೆರೆತು ನಿಲ್ಲುವ ಉಷ್ಣತೆ 86 ಡಿಗ್ರಿಯಷ್ಟೆ. ಒಲೆ ಈ ನಷ್ಟವನ್ನು ತುಂಬುವವರೆಗೆ ಎಲ್ಲರ ಬಟ್ಟಲಿಗೂ ತಡ. ಅವಸರಪಟ್ಟು ತೆಗೆದರೆ ಹೊರಗೆ ಬೆಂದಂತೆ ಕಂಡ ತುಂಡಿನ ನಡುವೆ ಮೀನು ಹಸಿಯಾಗಿ ಉಳಿದು, ಅದರಲ್ಲಿರಬಹುದಾದ ರೋಗಾಣುಗಳೂ ಉಳಿಯುತ್ತವೆ. ತುಂಡು ತೇಲಿತೆಂದರೆ ಬೆಂದಿತೆಂದು ನಂಬುವವರು ಬಹಳ. ಅರೆಯುವಾಗ ಸಿಕ್ಕಿಕೊಂಡ ಗಾಳಿ ಹಿಗ್ಗಿದರೂ ತುಂಡು ತೇಲಬಲ್ಲುದು. ಆದುದರಿಂದ ಈ ಗುರುತನ್ನು ನಾವು ಪೂರ್ತಿಯಾಗಿ ನೆಚ್ಚಲಾರೆವು.

ಸರಿಯಾಗಿ ಬೆಂದ ಹೂರಣಕ್ಕೆ ರಬ್ಬರಿನಂತಹ ಪುಟಿತವಿರುತ್ತದೆ. ಗಿರಾಕಿಗಳು ಅಂಗಡಿಯನ್ನು ಅಳೆಯುವುದು ಬಹುಮಟ್ಟಿಗೆ ಇದರಿಂದಲೇ. ಮೀನಿಗೆ ಉಪ್ಪು ಸೇರಿಸಿ ಅರೆದಾಗ ಮಾಯೊಸಿನ್ ಎಂಬ ಸಸಾರಜನಕವು ಕರಗಿ ಅಂಟಾಗುತ್ತದೆ. ಕಾಯಿಸಿದಾಗ ಅದರ ಉದ್ದನೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ನೀರನ್ನು ಹಿಡಿದಿಟ್ಟುಕೊಂಡ ಸ್ಥಿತಿಸ್ಥಾಪಕ ಜಾಲವಾಗುವುವು. ಅರೆಯುವಾಗಲೇ ಮೀನು ಬಿಸಿಯೇರಿದರೆ ಜಾಲ ಕೆಟ್ಟು, ಹೂರಣ ಪುಡಿಪುಡಿಯಾಗುತ್ತದೆ. ಅದನ್ನು ತಣ್ಣಗಿಟ್ಟು ಅರೆಯುವುದು ಇದಕ್ಕಾಗಿ.

ಇನ್ನು ಸುಟ್ಟ ನಾಲಗೆಯ ವಿಷಯ. ಬಟ್ಟಲಿನಿಂದ ಎತ್ತಿದ ತುಂಡಿನ ಮೇಲ್ಮೈ, ನೀರು ಆವಿಯಾಗುವುದರಿಂದ ಬೇಗ ಆರುತ್ತದೆ. ತುಟಿಗೆ ಸೋಕಿಸಿ ನೋಡಿದವನಿಗೆ ಹದವಾಗಿದೆಯೆಂದೇ ತೋರುವುದು. ಒಳಗಿನ ಶಾಖವಾದರೋ ಬಂದಷ್ಟೇ ನಿಧಾನವಾಗಿ ಹೊರಡಬೇಕು. ಎಲ್ಲಕ್ಕಿಂತ ಮೋಸಗಾರ ‘ತಾವ್ ಪೋಕ್’ ಎಂಬ ಕರಿದ ತೋಫು. ಎಣ್ಣೆಯಲ್ಲಿ ಅದರ ನೀರು ಆವಿಯಾಗುವಾಗ ಗಾತ್ರದಲ್ಲಿ 1,600 ಮಡಿಗೂ ಮಿಕ್ಕಿ ಹಿಗ್ಗಿ, ಗಡ್ಡೆಯನ್ನು ಸ್ಪಂಜಿನಂತೆ ಟೊಳ್ಳುಮಾಡುತ್ತದೆ. ಆ ರಂಧ್ರಗಳು ಬಿಸಿ ಸಾರನ್ನು ಹೀರಿಕೊಂಡಿರುತ್ತವೆ. ಹಲ್ಲಿಟ್ಟ ಕೂಡಲೆ ಸಾರು ಬಾಯೊಳಗೆ ಚಿಮ್ಮುವುದು. ಇದನ್ನು ಚಾಪ್‌ಸ್ಟಿಕ್ಕಿನಿಂದ ಸೀಳಿ ಸಾರನ್ನು ಚಮಚಕ್ಕೆ ಸುರಿಸಿಕೊಂಡು ತಿನ್ನುವುದು ಲೇಸು. ಪಕ್ಕದಲ್ಲಿಟ್ಟ ಸಿಹಿ ಹುರುಳಿಕಾಳಿನ ಬಣ್ಣದ ಸೋಯಾ ಗೊಜ್ಜಿನಲ್ಲಿಯೋ ಮೆಣಸಿನಕಾಯಿಯ ಗೊಜ್ಜಿನಲ್ಲಿಯೋ ಅದ್ದಿದರೆ ಸಾಲದು. ಅವು ತಣ್ಣಗಿದ್ದರೂ ಆರಿಸುವುದು ಹೊರಗಿನ ಪದರವನ್ನು ಮಾತ್ರ.